ಹ್ಯಾಂಡಲ್ ಇಲ್ಲದ ಅಂಬಾಸಿಡರ್

ನನ್ನ ತವರುಮನೆಯ ಅಂಬಾಸಿಡರ್ ಕಾರಿಗೆ ಹೊರಗಡೆ ಒಂದೂ ಹ್ಯಾಂಡಲ್ ಇಲ್ಲ. ನಾಲ್ಕು ಬಾಗಿಲೂ ಬೋಳು. ಭದ್ರಾವತಿಯ ಜನ್ನಾಪುರದ ನಮ್ಮ ಬೀದಿಯಲ್ಲಿ ಅದು ನಿಂತಿದ್ದರೆ ಹೊಸಬರು ಒಂದು ಸುತ್ತು ಹಾಕುತ್ತಾರೆ, ಬಾಗಿಲ ಮೇಲೆ ಕೈಯಾಡಿಸುತ್ತಾರೆ, ಕೊನೆಗೆ ನನ್ನ ಕಡೆ ತಿರುಗಿ ಕೇಳುತ್ತಾರೆ: "ಇದಕ್ಕೆ ಹತ್ತೋದು ಹೆಂಗ್ರೀ?" ಮೊದಮೊದಲು ತಾಳ್ಮೆಯಿಂದ ವಿವರಿಸುತ್ತಿದ್ದೆ. ಈಗ "ಕಿಟಕಿಯಿಂದ" ಎಂದುಬಿಡುತ್ತೇನೆ. ಒಬ್ಬರಂತೂ ನಿಜವೆಂದೇ ನಂಬಿ ಕಿಟಕಿಯ ಅಳತೆ ನೋಡಿದರು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಅಮ್ಮ ಹೇಳುತ್ತಾಳೆ. ಶಿವಮೊಗ್ಗದ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಕಲಿಸುತ್ತಿರುವವಳಿಗೆ ಅದು ಇನ್ನೆಲ್ಲಿರಬೇಕೋ ನನಗೆ ತಿಳಿಯದು. ಹತ್ತನೇ ತರಗತಿಗೆ ವಿದ್ಯುತ್ತಿನ ಪಾಠ ಯಾವಾಗಲೂ ನನ್ನದೇ. ಬ್ಯಾಟರಿ, ವೈರು, ಸ್ವಿಚ್ಚು, ಇವು ಒಂದಕ್ಕೊಂದು ಸೇರಿದರೆ ಮಾತ್ರ ವಿದ್ಯುತ್ ಹರಿಯುತ್ತದೆ, ನಡುವೆ ಒಂದು ತಪ್ಪಿದರೂ ಏನೂ ನಡೆಯುವುದಿಲ್ಲ ಎಂದು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ. ಓದುವವರು ಇದೊಂದನ್ನು ನೆನಪಿಟ್ಟುಕೊಂಡಿರಬೇಕು. ಮುಂದೆ ನನ್ನ ಮಾನ ಹೋಗುವುದು ಇದೇ ಪಾಠದಲ್ಲಿ.

ಕಾರು ಅಪ್ಪಾಜಿಯದು. ಅವರು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ಕೆಟ್ಟ ಯಂತ್ರಗಳನ್ನು ರಿಪೇರಿ ಮಾಡುವ ವಿಭಾಗದಲ್ಲೇ ನಿವೃತ್ತರಾದವರು. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಈ ಕಾರು ಯಾರದೋ ಮನೆಯಿಂದ ನಮ್ಮ ಮನೆಗೆ ಬಂತು, ಬರುವಾಗಲೇ ಸಾಕಷ್ಟು ವಯಸ್ಸಾಗಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸಲ ಸ್ನಾನ ಮಾಡಿಸಿಕೊಂಡದ್ದು ಅದೇ. ಬ್ಯಾಟರಿ ಕಳ್ಳರ ಕಾಟ ಎಂದು ಅಪ್ಪಾಜಿ ಬಾನೆಟ್ ತೆರೆಯುವ ತಂತಿಯನ್ನು ಕಾರಿನೊಳಗೆ, ಸ್ಟೀರಿಂಗಿನ ಕೆಳಕ್ಕೆ ಎಳೆದುಕೊಂಡಿದ್ದರು. ಏನೇ ತೊಂದರೆ ಬಂದರೂ ಯಾರನ್ನೂ ಕೇಳದೆ ತಾವೇ ಒಂದು ದಾರಿ ಹುಡುಕಿಕೊಳ್ಳುವುದು ಅವರ ಜಾಯಮಾನ.

ಮೂರು ವರ್ಷದ ಹಿಂದೆ ಅವರ ಹೆಬ್ಬೆರಳುಗಳ ಬುಡದ ಗಂಟು ಊದಿಕೊಳ್ಳತೊಡಗಿತು. ಸ್ಪ್ಯಾನರ್ ಹಿಡಿದು ಸವೆದ ಕೈ, ವಯಸ್ಸೂ ಎಪ್ಪತ್ತು ದಾಟಿತ್ತು. ಡಾಕ್ಟರರು ಮಾತ್ರೆ ಕೊಟ್ಟರು, ಬಿಸಿನೀರಿನಲ್ಲಿ ಕೈ ಅದ್ದಿಡಲು ಹೇಳಿದರು. ಸ್ಟೀರಿಂಗ್ ತಿರುಗಿಸಲು ತೊಂದರೆಯಿರಲಿಲ್ಲ, ಅಂಗೈ ಸಾಕು. ಗೇರಿಗೂ ಅಂಗೈ ಸಾಕು. ಕೀಲಿ ತಿರುಗಿಸಲು ನೋವಾಯಿತೆಂದು ಅಪ್ಪಾಜಿ ಕೀಲಿಗೆ ಅಗಲವಾದೊಂದು ಮರದ ತುಂಡು ಸೇರಿಸಿಕೊಂಡರು, ಅದೂ ಸರಿಹೋಯಿತು. ಆಗದೇ ಉಳಿದದ್ದು ಒಂದೇ, ಹೆಬ್ಬೆರಳಿನಿಂದ ಜೋರಾಗಿ ಒತ್ತುವುದು. ಅಂಬಾಸಿಡರಿನ ಬಾಗಿಲು ತೆಗೆದವರಿಗೆ ಗೊತ್ತಿರುತ್ತದೆ, ಹಿಡಿಕೆಯ ತುದಿಯಲ್ಲಿ ಒಂದು ದುಂಡನೆಯ ಬಟನ್ ಇರುತ್ತದೆ, ಅದನ್ನು ಹೆಬ್ಬೆರಳಲ್ಲಿ ಒಳಕ್ಕೆ ತಳ್ಳಬೇಕು. ಹಳೆಯ ಕಾರಾದರೆ ಅದು ಗಟ್ಟಿ.

ಆಯನೂರಿನಲ್ಲಿ ಒಂದು ಮದುವೆ. ಊಟ ಮುಗಿಸಿ ಅಪ್ಪಾಜಿ ನಮಗಿಂತ ಮುಂಚೆ ಕಾರಿನ ಹತ್ತಿರ ಹೋದರು. ನಾನು ಛತ್ರದ ಮೆಟ್ಟಿಲ ಮೇಲೆ ಎಲೆಯಡಿಕೆ ಮಡಿಸುತ್ತಾ ನಿಂತಿದ್ದೆ. ಅವರು ಬಟನ್ ಒತ್ತಿದರು, ಬಾಗಿಲು ತೆರೆಯಲಿಲ್ಲ. ಬಲಗೈ ಬಿಟ್ಟು ಎಡಗೈ ಹಾಕಿದರು. ಮುಷ್ಟಿ ಮಾಡಿ ಗೆಣ್ಣಿನಿಂದ ಒತ್ತಿದರು. ಅಷ್ಟರಲ್ಲಿ ನಾಲ್ಕು ಜನ ಆ ಕಡೆ ಬಂದರು. ಅಪ್ಪಾಜಿ ತಕ್ಷಣ ಬಗ್ಗಿ ಟಯರು ಪರೀಕ್ಷಿಸುವವರ ಹಾಗೆ ನಟಿಸಿದರು. ಜನ ಹೋದ ಮೇಲೆ ಮತ್ತೆ ಎದ್ದು ಮೊಣಕೈಯಿಂದ ಪ್ರಯತ್ನಿಸಿದರು. ಕೊನೆಗೆ ಗಂಡಿನ ಕಡೆಯವನೊಬ್ಬ ನೋಡಿ ಓಡಿಬಂದು, "ಬಿಡಿ ಅಜ್ಜಾರೆ, ನಾ ತೆಗೀತೀನಿ" ಎಂದು ಟಕ್ಕನೆ ತೆಗೆದುಕೊಟ್ಟ. ಪಾಪ, ಒಳ್ಳೆಯ ಮನುಷ್ಯ. ಅವನನ್ನು ಅಲ್ಲೇ ನಿಲ್ಲಿಸಿ ಬಯ್ಯಬೇಕೆನ್ನಿಸಿತು ನನಗೆ. ಎಲೆಯಡಿಕೆ ಕೈಯಲ್ಲೇ ಉಳಿಯಿತು.

ಮಾರನೆಯ ದಿನ ಕಾರಿಗೆ ಟಾರ್ಪಾಲು ಬಿತ್ತು. ಕೇಳಿದರೆ, "ಕಣ್ಣು ಮಂಜು ಮಾರಾಯ್ತಿ. ಬಸ್ಸೇ ಆರಾಮು" ಎಂದರು. ಪತ್ರಿಕೆಯ ಸಣ್ಣ ಅಕ್ಷರದ ಜಾಹೀರಾತನ್ನೂ ಕನ್ನಡಕವಿಲ್ಲದೆ ಓದುವ ಮನುಷ್ಯನ ಕಣ್ಣು ಮಂಜಾಗಿತ್ತಂತೆ! ನಾನು ಮೆಟ್ಟಿಲ ಮೇಲಿಂದ ಎಲ್ಲವನ್ನೂ ನೋಡಿದ್ದೆನೆಂದು ಹೇಳಲಿಲ್ಲ. ಹೇಳಿದ್ದರೆ ಅವರು ಆ ಕಾರನ್ನು ಮಾರಿಬಿಡುತ್ತಿದ್ದರು.

ಏನು ಮಾಡುವುದೆಂದು ತೋಚದೆ ನಾನೊಂದು ಮೂರ್ಖ ಕೆಲಸ ಮಾಡಿದೆ. ಸಹೋದ್ಯೋಗಿಯೊಬ್ಬರ ಮಾತು ಕೇಳಿ ಗಾಂಧಿಬಜಾರಿಗೆ ಹೋಗಿ ಗಂಟುನೋವಿಗೆ ಒಳ್ಳೆಯದೆಂದು ತಾಮ್ರದ ಕಡಗ ತಂದೆ. ತರಗತಿಯಲ್ಲಿ ಇಂಥದ್ದನ್ನು ನಂಬಬೇಡಿ ಎಂದು ಮಕ್ಕಳಿಗೆ ಬುದ್ಧಿ ಹೇಳುವವಳು, ಅಂಗಡಿಯವರ ಮುಂದೆ ದಪ್ಪದ್ದೇ ಕೊಡಿ ಎಂದು ಆರಿಸಿಕೊಂಡೆ. ಅಪ್ಪಾಜಿ ಅದನ್ನು ತಿರುಗಿಸಿ ನೋಡಿದರು. "ಮೇಡಮ್ಮೋರು ವಿಜ್ಞಾನ ಬಿಟ್ರಾ?" ಎಂದರು. ಆದರೂ ಹಾಕಿಕೊಂಡರು. ತಿಂಗಳುಗಟ್ಟಲೆ ಹಾಕಿಕೊಂಡೇ ಇದ್ದರು. ಮಣಿಕಟ್ಟು ಹಸಿರಾಯಿತೇ ಹೊರತು ಹೆಬ್ಬೆರಳು ಹಾಗೇ ಇತ್ತು.

ಹೀಗಿರುವಾಗ ಒಂದು ಭಾನುವಾರ ಫೋನಿನಲ್ಲಿ ಯಾವುದೋ ದೇಶದ ಹಳೆಯ ಕಾರಿನ ವಿಡಿಯೋ ನೋಡಿದೆ. ಬಾಗಿಲುಗಳಿಗೆ ಹ್ಯಾಂಡಲ್ಲೇ ಇಲ್ಲ. ಒಡೆಯ ಎಲ್ಲೋ ಅಡಗಿಸಿಟ್ಟ ಗುಂಡಿ ಮುಟ್ಟಿದ, ಬಾಗಿಲು ತಾನಾಗಿ ಟಪ್ಪೆಂದು ತೆರೆಯಿತು. ಅಲ್ಲಿನವರಿಗೆ ಅದು ಶೋಕಿ, ಹಳೆಯ ಕಾರಿನ ಹ್ಯಾಂಡಲ್ ಕಿತ್ತು ನುಣುಪು ಮಾಡುವುದೇ ಒಂದು ಹವ್ಯಾಸ. ನಾನು ಕುಳಿತಲ್ಲಿಂದ ಎದ್ದುಬಿಟ್ಟೆ. ಗುಂಡಿ ಒಂದನ್ನು ಸೇರಿಸಿ ಹ್ಯಾಂಡಲನ್ನೂ ಇಟ್ಟರೆ ಅಪ್ಪಾಜಿ ಒಪ್ಪುವುದಿಲ್ಲ. ಹ್ಯಾಂಡಲ್ ಕಣ್ಣೆದುರು ಇರುವ ತನಕ ಅವರು ಅದನ್ನೇ ಒತ್ತಿ ಸೋಲುತ್ತಾರೆ. ಹ್ಯಾಂಡಲ್ಲೇ ಇಲ್ಲದಿದ್ದರೆ? ಆಗ ಯಾರೂ ಹೆಬ್ಬೆರಳಿನಲ್ಲಿ ತೆಗೆಯುವ ಹಾಗಿಲ್ಲ. ಇಪ್ಪತ್ತರ ಹುಡುಗ ಬಂದರೂ ಎಪ್ಪತ್ತರ ಅಪ್ಪಾಜಿ ಬಂದರೂ ಒಂದೇ ಗುಂಡಿ. ಅವರು ಮತ್ತೆ ಯಾರ ಸಹಾಯವೂ ಇಲ್ಲದೆ ತಮ್ಮ ಕಾರಿನ ಬಾಗಿಲು ತಾವೇ ತೆಗೆಯಬೇಕು, ಅಷ್ಟೇ ನನ್ನ ಹಟ.

ಜನ್ನಾಪುರಕ್ಕೆ ಹೋಗಿ ವಿಡಿಯೋ ತೋರಿಸಿದೆ. "ಈಗ ಇದೇ ಸ್ಟೈಲು ಅಪ್ಪಾಜಿ. ಸುಮ್ನೆ ಟಾರ್ಪಾಲಿನಡಿ ಕೊಳೆಯೋದಕ್ಕಿಂತ ಹೀಗೆ ಮಾಡ್ಸೋಣ."

"ಸ್ಟೈಲು ಮಾಡೋ ವಯಸ್ಸಾ ಇದು ನಂದು?"

"ನಿಮ್ಮದಲ್ಲ, ಕಾರಿಂದು."

ಪಕ್ಕದ ಮನೆಯ ನಿವೃತ್ತ ಫೋರ್‌ಮನ್ ಅಲ್ಲೇ ಕಾಫಿ ಕುಡಿಯುತ್ತಿದ್ದರು. ಕಾರ್ಖಾನೆಯಲ್ಲಿ ಅಪ್ಪಾಜಿಯ ಮೇಲಿನವರಾಗಿದ್ದು, ನಿವೃತ್ತರಾಗಿ ಹತ್ತು ವರ್ಷವಾದರೂ ಆ ಮೇಲಧಿಕಾರ ಬಿಟ್ಟುಕೊಡದವರು. "ಹ್ಯಾಂಡಲ್ ಇಲ್ದಿರೋ ಕಾರಾ? ಕಿವಿ ಇಲ್ದಿರೋ ಬಾಂಡ್ಲಿ ಥರ ಇರ್ತದೆ ನೋಡ್ರೀ" ಎಂದು ನಕ್ಕರು. ಅಪ್ಪಾಜಿ ನಗಲಿಲ್ಲ. ವಿಡಿಯೋವನ್ನು ಇನ್ನೆರಡು ಸಲ ಹಾಕಿಸಿ ನೋಡಿದರು, ನನ್ನ ಮುಖವನ್ನೂ ಸ್ವಲ್ಪ ಹೊತ್ತು ನೋಡಿದರು. ಮೂರನೆಯ ದಿನ ಅವರೇ ಫೋನು ಮಾಡಿ, "ಆಯ್ತು, ಮಾಡ್ಸು" ಎಂದರು. ನನ್ನ ಮಾತಿನ ಚಾತುರ್ಯಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಶಿವಮೊಗ್ಗದ ಸಾಗರ ರಸ್ತೆಯಲ್ಲಿ ಒಂದು ಗ್ಯಾರೇಜು ಇದೆ. ಅದರ ಯಜಮಾನರು ಕಾರಿನ ತಗಡಿನ ಕೆಲಸದಲ್ಲಿ ಎತ್ತಿದ ಕೈ. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಾರೆ. ನಾನು ಬೇಡಿಕೆ ಇಟ್ಟಾಗ ಉಸ್ತಾದರು ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿದರು. "ಹ್ಯಾಂಡಲ್ ಮುರಿದಿದ್ರೆ ಬೇರೆ ಹಾಕ್ಕೊಡ್ತೀನಿ ಮೇಡಂ. ಚೆನ್ನಾಗಿರೋದನ್ನ ಕಿತ್ತು ಮುಚ್ಚು ಅಂತ ಇವತ್ತಿನ ತನಕ ಯಾರೂ ಕೇಳಿಲ್ಲ." ಆಗ ಅವರಿಗೊಬ್ಬರಿಗೆ ಆಯನೂರಿನ ಕಥೆ ಹೇಳಿದೆ. ಅವರು ತಮ್ಮ ಹೆಬ್ಬೆರಳನ್ನು ಒಮ್ಮೆ ಮಡಿಸಿ ಬಿಡಿಸಿ ನೋಡಿಕೊಂಡರು. "ಸಮಜಾಯ್ತು. ಸ್ಟೈಲ್ ಅಂತಾನೇ ಇರ್ಲಿ ಬಿಡಿ, ನಾನೂ ಹೇಳಲ್ಲ" ಎಂದರು.

ಹ್ಯಾಂಡಲ್ ತೆಗೆಯುವುದು ಸುಲಭ. ಬಾಗಿಲ ಒಳಗಿನ ಹಲಗೆ ಬಿಚ್ಚಿ ಎರಡು ನಟ್ಟು ಸಡಿಲಿಸಿದರೆ ಅದು ಕೈಗೆ ಬಂದುಬಿಡುತ್ತದೆ. ಕಷ್ಟವೆಲ್ಲ ಆಮೇಲೆ ಉಳಿಯುವ ತೂತುಗಳದ್ದು. ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಒಂದು ಮಳೆಗಾಲಕ್ಕೆ ಬಿರುಕು ಬಿಡುತ್ತದಂತೆ. ಅದಕ್ಕೇ ಉಸ್ತಾದರು ಅದೇ ದಪ್ಪದ ತಗಡನ್ನು ತೂತಿನ ಆಕಾರಕ್ಕೆ ಸರಿಯಾಗಿ ಕತ್ತರಿಸಿ, ಕೂದಲೆಳೆಯ ಸಂದು ಬಿಟ್ಟು ಕೂರಿಸಿದರು. ಒಂದೇ ಸಮನೆ ಬೆಸುಗೆ ಹಾಕಿದರೆ ಕಾವಿಗೆ ಇಡೀ ಬಾಗಿಲು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಆದ್ದರಿಂದ ಇಲ್ಲೊಂದು ಚುಕ್ಕೆ, ಅದರ ಎದುರಿಗೊಂದು ಚುಕ್ಕೆ, ನಡುವೆ ಒದ್ದೆ ಬಟ್ಟೆಯಿಂದ ತಣಿಸುವುದು, ಮತ್ತೊಂದು ಚುಕ್ಕೆ. ಒಂದು ತೂತಿಗೆ ಅರ್ಧ ದಿನ. ಆಮೇಲೆ ಉಜ್ಜಿ, ಕಣ್ಣು ಮುಚ್ಚಿ ಅಂಗೈಯಿಂದ ಸವರಿ ನೋಡುತ್ತಿದ್ದರು. ಕಣ್ಣಿಗೆ ಕಾಣದ ಉಬ್ಬು ಅಂಗೈಗೆ ಸಿಗುತ್ತದೆ ಎನ್ನುವುದು ಅವರ ನಂಬಿಕೆ. ನನಗೂ ಸವರಲು ಹೇಳಿದರು. ನನಗೇನೂ ಸಿಗಲಿಲ್ಲ, ಆದರೂ ಗಂಭೀರವಾಗಿ ತಲೆಯಾಡಿಸಿದೆ.

ಬಾಗಿಲೊಳಗೆ ಒಂದು ಸೊಲೆನಾಯ್ಡ್ ಕೂರಿಸಿದರು. ಅದು ತಂತಿ ಸುತ್ತಿದ ವಿದ್ಯುತ್ಕಾಂತ. ಕರೆಂಟ್ ಬಂದಾಗ ಒಳಗಿನ ಸರಳನ್ನು ಎಳೆದು ಬಾಗಿಲಿನ ಬೀಗ ಬಿಡಿಸುತ್ತದೆ, ಒಂದು ಸ್ಪ್ರಿಂಗು ಬಾಗಿಲನ್ನು ಹೊರಕ್ಕೆ ನೂಕುತ್ತದೆ. ಡ್ರೈವರ್ ಬಾಗಿಲಿಗೆ ಮಾತ್ರ ಈ ವ್ಯವಸ್ಥೆ. ಉಳಿದ ಮೂರನ್ನು ಗಾಡಿ ಓಡಿಸುವವರು ಒಳಗೆ ಕೂತು ಕೈ ಚಾಚಿ ತೆಗೆಯಬೇಕು. ಗುಂಡಿಯನ್ನು ಮುಂಚಕ್ರದ ಮಡ್‌ಗಾರ್ಡಿನ ಅಂಚಿನ ಹಿಂದೆ ಅಡಗಿಸಿದರು. ಅಂಗೈ ಹಿಂಬದಿಯಿಂದ, ಮಂಡಿಯಿಂದ, ಹೇಗೆ ತಾಗಿಸಿದರೂ ಸಾಕು.

ಒಂದು ದಿನ ಉಸ್ತಾದರು ಕೇಳಿದರು: "ಬ್ಯಾಟರಿ ಕೈಕೊಟ್ರೆ ಅಂತ ಒಂದು ತಂತಿ ಬಿಡೋಣ್ವಾ ಮೇಡಂ? ಕೈಲಿ ಎಳೆಯೋ ಥರ?"

ನನಗೆ ರೇಗಿತು. ಕೈಯಲ್ಲಿ ಎಳೆಯುವುದೇ ಬೇಡವೆಂದು ತಾನೇ ಇಷ್ಟೆಲ್ಲ? ಅಲ್ಲೇ ಇದ್ದ ಸೀಮೆಸುಣ್ಣ ತೆಗೆದುಕೊಂಡು ಗ್ಯಾರೇಜಿನ ಗೋಡೆಯ ಮೇಲೆ ವಿದ್ಯುತ್ ಮಂಡಲ ಬರೆದೆ. ಹೊಸ ಬ್ಯಾಟರಿ, ಬಾಗಿಲು ಒಂದು ಸಲ ತೆಗೆಯಲು ಬೇಕಾಗುವ ಕರೆಂಟ್ ಎಳ್ಳಷ್ಟು, ತಿಂಗಳು ಕಾರು ನಿಂತರೂ ಏನೂ ಆಗುವುದಿಲ್ಲ ಎಂದು ಒಂದು ಪೂರ್ತಿ ಪೀರಿಯಡ್ ಪಾಠ ಮಾಡಿದೆ. ಅಪ್ಪಾಜಿ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಿದ್ದರು. ಪಾಠ ಮುಗಿದ ಮೇಲೆ, "ಮೇಡಮ್ಮೋರು ಹೇಳಿದ್ ಮೇಲೆ ಮುಗೀತು" ಎಂದು ಉಸ್ತಾದರ ಕಡೆ ನೋಡಿ ಇನ್ನೊಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡರು.

ಆಮೇಲಿನ ವಾರಗಳಲ್ಲಿ ಅಪ್ಪಾಜಿ ನನಗೆ ಹೇಳದೆ ಜನ್ನಾಪುರದಿಂದ ಬಸ್ಸು ಹಿಡಿದು ಗ್ಯಾರೇಜಿಗೆ ಬರತೊಡಗಿದರು. ನಾನು ಶಾಲೆ ಬಿಟ್ಟು ಅಲ್ಲಿಗೆ ಹೋದರೆ ಇಬ್ಬರೂ ಮಾತು ನಿಲ್ಲಿಸುತ್ತಿದ್ದರು. "ಮಕ್ಕಳ ಪೇಪರ್ ತಿದ್ದೋದು ಬಿಟ್ಟು ಇಲ್ಲೇನು ಕೆಲಸ ನಿಂಗೆ?" ಎಂದು ಅಪ್ಪಾಜಿ ನನ್ನನ್ನೇ ಗದರುತ್ತಿದ್ದರು. ಅಂಥದೇ ಒಂದು ದಿನ ನೋಡುತ್ತೇನೆ, ಅವರ ಕೈಯಲ್ಲಿ ಕಡಗ ಇಲ್ಲ.

"ಎಲ್ಲಿ ಹೋಯ್ತು?"

"ಎಲ್ಲೋ ಬಿತ್ತು ಮಾರಾಯ್ತಿ. ಬಸ್ಸಲ್ಲಿ ಇರಬೇಕು."

ನನಗೆ ಬಹಳ ಬೇಜಾರಾಯಿತು. ಅದರಿಂದ ನೋವು ಹೋಗುವುದಿಲ್ಲವೆಂದು ನನಗೂ ಗೊತ್ತಿತ್ತು. ಆದರೂ ದಪ್ಪದ್ದೇ ಆರಿಸಿ ತಂದಿದ್ದೆನಲ್ಲ, ಸ್ವಲ್ಪ ಜೋಪಾನ ಮಾಡಬಾರದೇ? ಎರಡು ದಿನ ಫೋನು ಮಾಡದೆ ಮುಖ ಊದಿಸಿಕೊಂಡಿದ್ದೆ. ಮೂರನೆಯ ದಿನ ಅಮ್ಮನಿಗೆ ಮಾಡಿ, ಅಪ್ಪಾಜಿ ಊಟ ಮಾಡಿದರಾ ಎಂದು ಕೇಳಿದೆ.

ದಸರಾ ವಾರದಲ್ಲಿ ಉಸ್ತಾದರೇ ಕಾರು ತಂದು ಜನ್ನಾಪುರದ ಮನೆಮುಂದೆ ನಿಲ್ಲಿಸಿ ಹೋದರು. ಕೆನೆಹಾಲಿನ ಬಣ್ಣ, ಒಂದು ಗೀರಿಲ್ಲದ ಬಾಗಿಲುಗಳು. ಬೀದಿಯ ಜನರೆಲ್ಲ ಸವರಿದ್ದೇ ಸವರಿದ್ದು. ನನಗೆ ಅಪ್ಪಾಜಿ ಗುಂಡಿ ಒತ್ತಿ ಬಾಗಿಲು ತೆಗೆಯುವುದನ್ನು ಆಗಲೇ ನೋಡಬೇಕು. ಅವರು ಮಾತ್ರ, "ಹೊಸ ಕೆಲಸ ಆಗಿರೋ ಗಾಡಿ. ಆಯುಧಪೂಜೆ ಆಗ್ಲಿ, ನಿಂಬೆಹಣ್ಣು ದಾಟ್ಸೋವಾಗ ಹತ್ತುತೀನಿ" ಎಂದರು.

ಆಯುಧಪೂಜೆಗೆ ನಮ್ಮ ಮನೆಯಲ್ಲೊಂದು ರೂಢಿಯಿದೆ. ಅಪ್ಪಾಜಿಯ ಸ್ಪ್ಯಾನರು, ಸುತ್ತಿಗೆ, ಅಮ್ಮನ ಈಳಿಗೆ ಎಲ್ಲವೂ ದೇವರ ಮುಂದೆ ಕೂರುತ್ತವೆ. ಮಾರನೆಯ ದಿನ ಬೆಳಿಗ್ಗೆ ಅಮ್ಮ ಆರತಿ ಮಾಡಿ ಕದಲಿಸುವ ತನಕ ಅವನ್ನು ಮುಟ್ಟುವ ಹಾಗಿಲ್ಲ. ತರಕಾರಿಯನ್ನೂ ಅಮ್ಮ ಮೊದಲೇ ಹೆಚ್ಚಿಟ್ಟುಕೊಂಡಿರುತ್ತಾಳೆ. ಇದರ ಜೊತೆಗೆ, ಆ ವರ್ಷ ಮನೆಗೆ ಬಂದ ಹೊಸ ದುಡಿಯುವ ವಸ್ತು ಯಾವುದಿದ್ದರೂ ಅದೂ ಕೂರಬೇಕು. ಒಂದು ವರ್ಷ ಮಿಕ್ಸಿ ಕೂತಿತ್ತು, ಇನ್ನೊಂದು ವರ್ಷ ನೀರಿನ ಪಂಪು. ಈ ವರ್ಷ ಹೊಸತೆಂದರೆ ಏನು? ಕಾರಿನ ಹೊಸ ಬ್ಯಾಟರಿ! ನನಗೇ ಹೊಳೆದದ್ದು, ಹೊಳೆದದ್ದಕ್ಕೆ ಖುಷಿಯೂ ಆಯಿತು.

ಅಪ್ಪಾಜಿ ಸ್ನಾನಕ್ಕೆ ಹೋಗಿದ್ದರು. ಕಾರು ಒರೆಸಲೆಂದು ನಾಲ್ಕೂ ಬಾಗಿಲು ತೆರೆದಿಟ್ಟಿದ್ದೆ. ಒಳಗಿನ ತಂತಿ ಎಳೆದು ಬಾನೆಟ್ ಎತ್ತಿ, ನಾನೇ ಸ್ಪ್ಯಾನರ್ ಹಿಡಿದು ಬ್ಯಾಟರಿ ಬಿಚ್ಚಿದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊತ್ತುಕೊಂಡು ಹೋಗಿ ದೇವರ ಮುಂದೆ ಇಟ್ಟೆ. ಸ್ಪ್ಯಾನರನ್ನೂ ತೊಳೆದು ಅದರ ಪಕ್ಕದಲ್ಲಿಟ್ಟೆ. ಉಸ್ತಾದರು ಕಿತ್ತುಕೊಟ್ಟ ನಾಲ್ಕು ಹ್ಯಾಂಡಲ್‌ಗಳನ್ನೂ ಅಮ್ಮ ಆಗಲೇ ಅಲ್ಲಿ ತಿಕ್ಕಿ ಸಾಲಾಗಿ ಜೋಡಿಸಿ ವಿಭೂತಿ ಹಚ್ಚಿದ್ದಳು. ಇಷ್ಟು ವರ್ಷ ದುಡಿದಿವೆ, ಅವಕ್ಕೂ ಆಗಲಿ ಎಂದಳು. ಹೊರಗೆ ಬಂದೆ. ಹಾರ ಹಾಕಬೇಕಲ್ಲ, ಬಾನೆಟ್ ಮುಚ್ಚಿದೆ. ಮೋಡ ಕವಿದಿತ್ತು, ನಾಲ್ಕೂ ಗಾಜು ಏರಿಸಿದೆ. ಸುತ್ತ ತಿರುಗುತ್ತಾ ಧಡ್ ಧಡ್ ಎಂದು ನಾಲ್ಕೂ ಬಾಗಿಲು ಹಾಕಿದೆ. ಕೆಲಸ ಅಚ್ಚುಕಟ್ಟಾಗಿ ಮುಗಿಯಿತೆಂದು ಸೆರಗು ಕೊಡವಿಕೊಂಡೆ.

ದೇವರ ಮನೆಗೆ ಬಂದ ಅಪ್ಪಾಜಿ ಬ್ಯಾಟರಿಯನ್ನು ನೋಡಿದರು. ಆಮೇಲೆ ವಿಭೂತಿಯಲ್ಲಿ ಮೂರು ಬೆರಳು ಅದ್ದಿ ಅದಕ್ಕೂ ಎಳೆದರು, ಒಂದು ಸೇವಂತಿಗೆ ಇಟ್ಟರು. ಅವರ ತುಟಿಯಂಚಿನಲ್ಲಿ ನಗುವಿತ್ತು. ಹಬ್ಬದ ಖುಷಿ ಎಂದುಕೊಂಡೆ.

ಬೀದಿಯವರೆಲ್ಲ ಸೇರಿದರು. ಕಾರಿಗೆ ಹಾರ, ಬಾಳೆಕಂದು, ಮಂಗಳಾರತಿ. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು. ಫೋರ್‌ಮನ್‌ರು ಬೂದುಗುಂಬಳ ಒಡೆದರು, ತಿರುಗಿ ನೋಡಿ, "ಈಗ ತೆಗೀರಿ ನೋಡಾಣ ನಿಮ್ಮ ಬೋಳು ಬಾಗಿಲು" ಎಂದರು. ನಾನು ಅಪ್ಪಾಜಿಯನ್ನು ನೋಡುತ್ತಾ ನಿಂತೆ. ಒಂದೂವರೆ ವರ್ಷದಿಂದ ಕಾದ ಗಳಿಗೆ ಅದು. ಅವರು ನಿಧಾನವಾಗಿ ಕಾರಿನ ಹತ್ತಿರ ಹೋಗಿ ಅಂಗೈ ಹಿಂಬದಿಯಿಂದ ಗುಂಡಿ ಒತ್ತಿದರು.

ಏನೂ ಆಗಲಿಲ್ಲ.

ಮತ್ತೊಮ್ಮೆ ಒತ್ತಿದರು. ಆಯನೂರು ಕಣ್ಣಮುಂದೆ ಬಂತು. ವೈರು ಸಡಿಲಾಗಿದೆಯೇ, ಸ್ವಿಚ್ಚಿಗೆ ನೀರು ಹೋಯಿತೇ ಎಂದು ಯೋಚಿಸುವಷ್ಟರಲ್ಲಿ ಅಮ್ಮ ಮೆಲ್ಲನೆ ಕೇಳಿದಳು: "ಅಲ್ಲ ಕಣೇ, ಕರೆಂಟು ಒಳಗೆ ದೇವರ ಮುಂದೆ ಕೂತಿದೆಯಲ್ವಾ?"

ಹತ್ತನೇ ತರಗತಿ, ವಿದ್ಯುತ್ತಿನ ಪಾಠ. ಇಪ್ಪತ್ತೆರಡು ವರ್ಷ. ನೆಲ ಬಾಯಿ ಬಿಟ್ಟಿದ್ದರೆ ನಾನು ಇಳಿದುಹೋಗುತ್ತಿದ್ದೆ. ಬ್ಯಾಟರಿ ಇಲ್ಲದೆ ಬಾಗಿಲು ತೆರೆಯುವುದಿಲ್ಲ. ಬಾಗಿಲು ತೆರೆಯದೆ ಬಾನೆಟ್ ತೆರೆಯುವುದಿಲ್ಲ. ಬಾನೆಟ್ ತೆರೆಯದೆ ಬ್ಯಾಟರಿ ಕೂರಿಸುವ ಹಾಗಿಲ್ಲ. ಗಾಜಿನ ಸಂದಿಗೆ ಏನಾದರೂ ತೂರಿಸೋಣವೆಂದರೆ ಸಲಕರಣೆಗಳೆಲ್ಲ ಪೂಜೆಯಲ್ಲಿವೆ. ನಮ್ಮ ಮನೆಯದಷ್ಟೇ ಅಲ್ಲ, ಆವತ್ತು ಇಡೀ ಬೀದಿಯ ಒಂದೊಂದು ಸ್ಕ್ರೂಡ್ರೈವರಿಗೂ ಕುಂಕುಮ ಬಿದ್ದಿತ್ತು. ಫೋರ್‌ಮನ್‌ರು ಬಗ್ಗಿ ನಿಂತು ಹೊಟ್ಟೆ ಹಿಡಿದು ನಗುತ್ತಿದ್ದರು. ಎದುರು ಮನೆಯ ತಮಿಳು ಅಕ್ಕ, "ಅಯ್ಯೋ ಟೀಚರಮ್ಮಾ" ಎಂದು ಗಲ್ಲಕ್ಕೆ ಕೈ ಹಚ್ಚಿದರು. ನಾನು ಸಿಟ್ಟು, ನಾಚಿಕೆ, ಅಳು ಮೂರೂ ಸೇರಿದ ದನಿಯಲ್ಲಿ ಉಸ್ತಾದರಿಗೆ ಫೋನು ಮಾಡಿದೆ.

ನಾನು ಹೇಳಿ ಮುಗಿಸುವ ಮೊದಲೇ ಅವರು ನಗಲು ಶುರು ಮಾಡಿದರು. "ಗಾಜು ಒಡೀಬೇಡಿ ಮೇಡಂ. ನಿಮ್ಮ ಅಪ್ಪಾಜಿನ್ನೇ ಕೇಳಿ."

"ಅವರನ್ನೇನು ಕೇಳೋದು? ಅವರೇ ಹೊರಗೆ ನಿಂತಿದ್ದಾರೆ!"

"ನಂಗೆ ಕಸಂ ಹಾಕ್ಸಿದಾರೆ, ನಾ ಹೇಳಂಗಿಲ್ಲ. ಕೇಳಿ ನೀವು" ಎಂದು ಫೋನು ಇಟ್ಟರು.

ತಿರುಗಿ ನೋಡಿದರೆ ಅಪ್ಪಾಜಿ ಡ್ರೈವರ್ ಬಾಗಿಲ ಬಳಿ ಇರಲಿಲ್ಲ. ಕಾರಿನ ಮುಂದೆ ಹೋಗಿ, ಪಂಚೆ ಮೇಲೆತ್ತಿ ಕಟ್ಟಿ, ಬಂಪರಿನ ಹತ್ತಿರ ಕುಕ್ಕುರುಗಾಲಲ್ಲಿ ಕೂತಿದ್ದರು. ನಂಬರ್ ಪ್ಲೇಟಿನ ಹಿಂದಕ್ಕೆ ಕೈ ತೂರಿಸಿದರು. ಅಲ್ಲಿಂದ ಏನನ್ನೋ ಕೆಳಗೆ ಇಳಿಸಿಕೊಂಡು, ಅದರೊಳಗೆ ಮಣಿಕಟ್ಟಿನ ತನಕ ಕೈ ಹಾಕಿ, ಬೆರಳುಗಳನ್ನು ಬಳಸದೆ ಇಡೀ ತೋಳಿನಿಂದ ಒಮ್ಮೆ ಹಿಂದಕ್ಕೆ ಎಳೆದರು. ಟಪ್ಪೆಂದು ಸದ್ದಾಯಿತು. ಡ್ರೈವರ್ ಬಾಗಿಲು ಹೊರಕ್ಕೆ ಜಿಗಿದು, ಹಾರದ ಸೇವಂತಿಗೆ ಉದುರಿಸಿಕೊಂಡು ತೆರೆದು ನಿಂತಿತು.

ಬೀದಿಯೆಲ್ಲ ಹೋ ಎಂದಿತು. ನಾನು ಓಡಿಹೋಗಿ ಬಗ್ಗಿ ನೋಡಿದೆ. ಸೈಕಲ್ಲಿನ ಬ್ರೇಕ್ ತಂತಿಯ ತುದಿಗೆ ನೇತಾಡುತ್ತಿದ್ದದ್ದು ನಾನು ಗಾಂಧಿಬಜಾರಿನಿಂದ ತಂದ ತಾಮ್ರದ ಕಡಗ.

"ನೀನು ತಂದುಕೊಟ್ಟ ಕಡಗ ಕೈಗೆ ಕೆಲಸ ಮಾಡ್ಲಿಲ್ಲ" ಎಂದರು ಅಪ್ಪಾಜಿ, ಎದ್ದು ಮಂಡಿ ಒರೆಸಿಕೊಳ್ಳುತ್ತಾ. "ಬಾಗಿಲಿಗೆ ಚೆನ್ನಾಗಿ ಮಾಡ್ತದೆ. ಅಳತೆ ನಂದೇ ನೋಡು, ಕೈ ಸರಿಯಾಗಿ ಹೋಗ್ತದೆ." ಆಮೇಲೆ ಅಮ್ಮನ ಕಡೆ ತಿರುಗಿ, "ಕಡಗ ಆಯುಧ ಅಲ್ಲ ತಾನೆ? ಮುಟ್ಟಬಹುದಲ್ಲ?" ಎಂದರು. ಅಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅವಳಿಗೂ ಗೊತ್ತಿತ್ತು! ಮೂರು ಜನ ಸೇರಿ ತಿಂಗಳುಗಟ್ಟಲೆ ನನ್ನನ್ನು ಮಂಗ ಮಾಡಿದ್ದರು.

ಅಮ್ಮ ಒಳಗೆ ಹೋಗಿ ಬ್ಯಾಟರಿಯೊಂದಕ್ಕೇ ಆರತಿ ಎತ್ತಿ ಕದಲಿಸಿ ಕೊಟ್ಟಳು. ಸ್ಪ್ಯಾನರಿಗೆ ಮಾತ್ರ ಅಪ್ಪಣೆ ಸಿಗಲಿಲ್ಲ. ಬ್ಯಾಟರಿಯ ಕ್ಲಿಪ್ಪುಗಳನ್ನು ಫೋರ್‌ಮನ್‌ರು ಬರಿಗೈಯಲ್ಲಿ ಅದುಮಿ ಬಿಗಿಯಾಗಿ ಕೂರಿಸಿದರು, ನಗು ಇನ್ನೂ ನಿಂತಿರಲಿಲ್ಲ. ಅಪ್ಪಾಜಿ ಹತ್ತಿ, ಒಳಗಿನಿಂದ ಕೈ ಚಾಚಿ ನನಗೆ ಎಡಬದಿಯ ಬಾಗಿಲು ತೆಗೆದರು. ಕೀಲಿಯ ಮರದ ತುಂಡು ತಿರುಗಿತು, ಎಂಜಿನ್ನು ಕೆಮ್ಮಿ ಎಚ್ಚರವಾಯಿತು. ನಾಲ್ಕು ನಿಂಬೆಹಣ್ಣು ಒಂದಾದ ಮೇಲೊಂದು ಪಚಕ್ಕೆಂದವು.

ಬೀದಿಯ ತುದಿಗೆ ಬಂದ ಮೇಲೆ ಕೇಳಿದೆ: "ಬ್ಯಾಟರಿ ಪೂಜೆಯಲ್ಲಿ ನೋಡಿದ್ರಲ್ಲ, ಆಗ್ಲೇ ಹೇಳಬಾರದಿತ್ತಾ?"

"ಹೇಳಿದ್ರೆ ಕಡಗ ಎಳೆಯೋದು ಯಾವಾಗ? ಮೇಡಮ್ಮೋರು ಗೋಡೆ ಮೇಲೆ ಬರ್ದಿದ್ರಲ್ಲ, ಬೇಕಾಗಲ್ಲ ಅಂತ."

ಮುಂದಿನ ತಿರುವಿನಲ್ಲಿ ಗಾಡಿ ತಿರುಗಿಸಿದರು. ಆಮೇಲೆ ರಸ್ತೆಯ ಮೇಲಿಂದ ಕಣ್ಣು ತೆಗೆಯದೆಯೇ ಹೇಳಿದರು: "ಆಯನೂರಲ್ಲಿ ನೀನು ಮೆಟ್ಲ ಮೇಲೆ ನಿಂತಿದ್ದೆ. ಕಾರಿನ ಗಾಜಲ್ಲಿ ಕಾಣ್ತಿತ್ತು."

ಸ್ಟೈಲು ಎಂದು ನಾನು ಹೇಳಿದ ದಿನವೇ ಅವರಿಗೆ ಎಲ್ಲ ತಿಳಿದಿತ್ತು. "ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಪ್ಪಾಜಿ?"

"ನೀನೂ ಹೇಳ್ಲಿಲ್ವಲ್ಲ."

ನಾನು ಅತ್ತೆ, ನಕ್ಕೆ, ಸೆರಗಿನಲ್ಲಿ ಮೂಗು ಒರೆಸಿಕೊಂಡೆ. ಅವರು ನನ್ನ ಕಡೆ ನೋಡದೆ ಗೇರು ಬದಲಿಸಿದರು. ಅಷ್ಟು ಸಂತೋಷ ನನಗೆ ಕೆಲಸ ಸಿಕ್ಕ ದಿನವೂ ಆಗಿರಲಿಲ್ಲ.

ಒಂದು ಸುತ್ತು ಹೊಡೆದು ಮನೆಮುಂದೆ ಬಂದಾಗ ಫೋರ್‌ಮನ್‌ರು ಕಾಯುತ್ತಾ ನಿಂತಿದ್ದರು. ಗಾಜನೂರು ಡ್ಯಾಮಿನ ತನಕ ಹೋಗಿಬರೋಣ, ನಾನೂ ಬರ್ತೀನಿ ಎಂದರು. ಹಿಂದಿನ ಬಾಗಿಲ ಹತ್ತಿರ ಹೋಗಿ ಅಭ್ಯಾಸಬಲದಿಂದ ಕೈ ಹಾಕಿದರು. ಅಲ್ಲಿ ಹಿಡಿಯಲು ಏನೂ ಇರಲಿಲ್ಲ. ಬೋಳು ತಗಡಿನ ಮೇಲೆ ಅವರ ಕೈ ಅತ್ತಿತ್ತ ಜಾರಿತು. ಸುತ್ತ ಜನ ನೋಡುತ್ತಿದ್ದರು, ಅವರು ಬಗ್ಗಿ ಟಯರು ನೋಡಿದರು.

ಅಪ್ಪಾಜಿ ನಗಲಿಲ್ಲ, ಕಾಯಿಸಲೂ ಇಲ್ಲ. ಕೂತಲ್ಲಿಂದಲೇ ಹಿಂದಕ್ಕೆ ತಿರುಗಿ, ತೋಳು ಚಾಚಿ ಮಣಿಕಟ್ಟಿನಿಂದ ಒಳಗಿನ ಚಿಲಕ ತಳ್ಳಿದರು. "ಬಿಡಿ ಸಾರ್, ನಾ ತೆಗೀತೀನಿ" ಎಂದರು.